ಕೈವಲ್ಯದಿಂದ ಭಾವೈಕ್ಯದವರೆಗೆ: ಕನ್ನಡ ತತ್ವಪದಗಳ ಚರಿತ್ರೆ

ಗುರುವಿನಿಂದ ಉಪದೇಶ ಪಡೆದ ಸಾಧಕನು ತನ್ನ ಅನುಭವವನ್ನು ಆಡುಮಾತಿಗೆ ಹತ್ತಿರವಾದ ಭಾಷೆಯಲ್ಲಿ, ಪಲ್ಲವಿ ಮತ್ತು ನುಡಿಗಳ ಕಟ್ಟಿನಲ್ಲಿ ಹಾಡಾಗಿಸಿ, ಕೊನೆಯ ನುಡಿಯಲ್ಲಿ ಗುರುವಿನ ಅಥವಾ ಇಷ್ಟದೈವದ ಹೆಸರನ್ನು ಅಂಕಿತವಾಗಿ, ಎಂದರೆ ಕರ್ತೃತ್ವದ ಗುರುತಾಗಿ, ಇರಿಸಿದ ರಚನೆಗಳನ್ನು ಕನ್ನಡದಲ್ಲಿ ತತ್ವಪದಗಳೆಂದು ಕರೆಯುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇವು ಹೆಚ್ಚಾಗಿ ಭಜನಾ ಪದಗಳೆಂದೇ ಪರಿಚಿತವಾಗಿದ್ದು, ವಿದ್ವಾಂಸರು ಅನುಭಾವ ಪದ, ಕೈವಲ್ಯ ಸಾಹಿತ್ಯ ಎಂಬ ಹೆಸರುಗಳನ್ನೂ ಬಳಸಿದ್ದಾರೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದೀಚೆಗೆ ಈ ಹಾಡುಗಳನ್ನು ಶಾಂತಿ ಮತ್ತು ಕೋಮು ಸೌಹಾರ್ದದ ಹಾಡುಗಳೆಂದು ಪರಿಚಯಿಸುವ ವಾಡಿಕೆ ಬೆಳೆದಿದೆ. ಪರಿಚಯ ಸುಳ್ಳೇನಲ್ಲ, ಆದರೆ ಅದು ಚರಿತ್ರೆಯ ಕ್ರಮವನ್ನು ಹಿಂದುಮುಂದಾಗಿಸುತ್ತದೆ. ಚಂಚಲವಾದ ಚಿತ್ತವನ್ನು ನಿಲ್ಲಿಸುವ ಸಾಧನೆಯ ಪಾಠಗಳಾಗಿ ಈ ಪದಗಳು ಹುಟ್ಟಿದವು. ಆ ಪಾಠವು ಗುರುವಿನ ಜಾತಿಯನ್ನಾಗಲಿ ಶಿಷ್ಯನ ಮತವನ್ನಾಗಲಿ ವಿಚಾರಿಸದೆ ಒಬ್ಬರಿಂದೊಬ್ಬರಿಗೆ ದಾಟುತ್ತಾ ಹೋದುದರಿಂದ ಐಕ್ಯವು ಅದರ ಬೆನ್ನಿಗೆ ಬಂತು.

ಈ ಪರಂಪರೆಗೆ ಶಾಸ್ತ್ರದ ಅಡಿಪಾಯ ಹಾಕಿದವರಲ್ಲಿ ಹದಿನೈದು ಹದಿನಾರನೆಯ ಶತಮಾನಗಳ ಸಂಧಿಕಾಲದಲ್ಲಿ ಇದ್ದರೆಂದು ಸಾಮಾನ್ಯವಾಗಿ ಭಾವಿಸಲಾಗುವ ನಿಜಗುಣ ಶಿವಯೋಗಿಗಳು ಮುಖ್ಯರು. ಕೊಳ್ಳೇಗಾಲದ ಕಡೆಯ ಶಂಭುಲಿಂಗನ ಬೆಟ್ಟದಲ್ಲಿ ತಪಸ್ಸು ಮಾಡಿದ ಅವರು ಸಂನ್ಯಾಸಕ್ಕೆ ಮೊದಲು ಪಾಳೆಯಗಾರರಾಗಿದ್ದರೆಂಬ ಪ್ರತೀತಿಯಿದೆ. ಪರಮಾನುಭವ ಬೋಧೆ, ಪರಮಾರ್ಥ ಗೀತೆ, ಅನುಭವಸಾರ, ವಿವೇಕಚಿಂತಾಮಣಿ ಮೊದಲಾದ ಅವರ ಗ್ರಂಥಗಳ ನಡುವೆ ಕೈವಲ್ಯ ಪದ್ಧತಿ ಎಂಬುದು ಪೂರ್ತಿಯಾಗಿ ಹಾಡುಗಳದ್ದು. ಕೈವಲ್ಯವೆಂದರೆ ಎಲ್ಲ ಕಟ್ಟುಗಳಿಂದ ಬಿಡುಗಡೆಗೊಂಡು ತಾನೊಂದೇ ಆಗಿ ಉಳಿಯುವ ಸ್ಥಿತಿ. ಆ ಸ್ಥಿತಿಗೆ ಒಯ್ಯುವ ಭಕ್ತಿ, ವೈರಾಗ್ಯ, ಯೋಗ, ಜ್ಞಾನಗಳನ್ನು ಶಿವಯೋಗಿಗಳು ಹಾಡಿನ ಮೂಲಕ ಕಲಿಸಲು ಹೊರಟರು. ವೀರಶೈವರಾಗಿದ್ದೂ ಅದ್ವೈತ ವೇದಾಂತದ ಪರಿಭಾಷೆಯನ್ನು ಸಂಕೋಚವಿಲ್ಲದೆ ಬಳಸಿದ ಕಾರಣಕ್ಕೆ ಅವರ ಕೃತಿಗಳನ್ನು ವೀರಶೈವ ಮಠಗಳಲ್ಲಿಯೂ ಆರೂಢರ ಮಠಗಳಲ್ಲಿಯೂ ಪಾಠ್ಯವಾಗಿ ಇಟ್ಟುಕೊಂಡರು. 1929ರಲ್ಲಿ ದೇಹ ಬಿಟ್ಟ ಹುಬ್ಬಳ್ಳಿಯ ಸಿದ್ಧಾರೂಢರ ಮಠದಲ್ಲಿ ನಿಜಗುಣರ ಶಾಸ್ತ್ರದ ಪ್ರವಚನಕ್ಕೆ ದೊರೆತ ಸ್ಥಾನ ಇದಕ್ಕೆ ಸಾಕ್ಷಿ. ಆರೂಢರೆಂದರೆ ವಿಧಿನಿಷೇಧಗಳ ಮೆಟ್ಟಿಲುಗಳನ್ನು ದಾಟಿ ನಿಂತ ಸಾಧಕರು. ಆ ವರ್ಗದವರಿಗೆ ಮತದ ಗಡಿ ಅಷ್ಟು ಮುಖ್ಯವಾಗಿರಲಿಲ್ಲ.

ನಿಜಗುಣರ ದಾರಿಯಲ್ಲಿ ಸುಬೋಧಸಾರವನ್ನು ರಚಿಸಿದ ಮುಪ್ಪಿನ ಷಡಕ್ಷರಿ, ಕೈವಲ್ಯ ದರ್ಪಣದ ಬಾಲಲೀಲಾ ಮಹಾಂತ ಶಿವಯೋಗಿ, ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬೆಂಗಳೂರಿನಲ್ಲಿದ್ದು ಕೈವಲ್ಯ ಕಲ್ಪವಲ್ಲರಿಯನ್ನು ಹಾಡಿದ ಸರ್ಪಭೂಷಣ ಶಿವಯೋಗಿ ಮುಂತಾದವರು ನಡೆದರು. ಇವರ ಹಾಡುಗಳು ವ್ಯಾಕರಣ ಬಲ್ಲ, ರಾಗ ತಾಳಗಳ ಲೆಕ್ಕ ತಿಳಿದ ಮಠದ ಪಂಡಿತರ ಹಾಡುಗಳು. ಇವುಗಳಲ್ಲಿ ಶಾಂತಿ ಎಂಬುದು ಹೊರಗಿನ ಜಗಳ ನಿಂತಾಗ ದೊರೆಯುವ ನೆಮ್ಮದಿಯಲ್ಲ, ಇಂದ್ರಿಯಗಳು ತಮ್ಮ ವಿಷಯಗಳಿಂದ ಹಿಂದೆ ಸರಿದಾಗ ಉಳಿಯುವ ಮೌನ. ಸಾಹಿತ್ಯದ ದೃಷ್ಟಿಯಿಂದ ನೋಡಿದರೆ ಇವುಗಳಲ್ಲಿ ಕೆಲವು ಶುಷ್ಕವೆಂದೇ ಹೇಳಬೇಕು, ಪರಿಭಾಷೆಯ ಭಾರಕ್ಕೆ ಹಾಡು ಬಾಗುತ್ತದೆ. ಆದರೂ ದೇಹವನ್ನು ಮನೆಯಾಗಿ, ಊರಾಗಿ, ರಥವಾಗಿ ಕಾಣುವ, ಒಂಬತ್ತು ರಂಧ್ರಗಳನ್ನು ಒಂಬತ್ತು ಬಾಗಿಲುಗಳೆಂದೂ ಉಸಿರು ಸಂಚರಿಸುವ ಇಡಾ, ಪಿಂಗಳಾ, ಸುಷುಮ್ನಾ ನಾಡಿಗಳನ್ನು ಮೂರು ಹೊಳೆಗಳೆಂದೂ ಬಣ್ಣಿಸುವ ರೂಪಕಗಳ ಸಂಪತ್ತನ್ನು ಮುಂದಿನವರಿಗೆ ಒಪ್ಪವಾಗಿ ಜೋಡಿಸಿಕೊಟ್ಟವರು ಇವರೇ. ದೇಹ ಎಲ್ಲರಿಗೂ ಇರುವುದರಿಂದ ಈ ರೂಪಕಗಳಿಗೆ ಜಾತಿಯಿರಲಿಲ್ಲವೆಂಬುದು ನಂತರದ ಚರಿತ್ರೆಯಲ್ಲಿ ದೊಡ್ಡ ಸಂಗತಿಯಾಯಿತು.

ಇದೇ ಅವಧಿಯಲ್ಲಿ ಕಲಬುರಗಿ ಮತ್ತು ವಿಜಯಪುರದ ಸೂಫಿ ನೆಲೆಗಳಲ್ಲಿ ಇನ್ನೊಂದು ಬಗೆಯ ಹಾಡು ರೂಪುಗೊಳ್ಳುತ್ತಿತ್ತು. ಖ್ವಾಜಾ ಬಂದೇನವಾಜರು ಹದಿನೈದನೆಯ ಶತಮಾನದ ಆರಂಭದಲ್ಲಿ ಕಲಬುರಗಿಗೆ ಬಂದು ನೆಲೆಸಿ 1422ರಲ್ಲಿ ತೀರಿಕೊಂಡ ಮೇಲೆ ಅವರ ದರ್ಗಾ ದಖನ್ನಿನ ದೊಡ್ಡ ಯಾತ್ರಾಸ್ಥಳವಾಯಿತು. ವಿಜಯಪುರದಲ್ಲಿ ಶಾಹ್ ಮೀರಾಂಜಿ, ಅವರ ಮಗ ಬುರ್ಹಾನುದ್ದೀನ್ ಜಾನಮ್ ಮೊದಲಾದ ಚಿಶ್ತಿ ಸೂಫಿಗಳು ಪಾರಸಿಯನ್ನು ಬದಿಗಿಟ್ಟು ಜನರ ಮಾತಾದ ದಖನಿಯಲ್ಲಿ ಬರೆದರು. ಈ ವಾತಾವರಣ ಅರಮನೆಗೂ ತಲುಪಿತ್ತು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ತನ್ನ ಕಿತಾಬ್‌-ಎ-ನೌರಸ್ ಎಂಬ ಗೀತಸಂಗ್ರಹದಲ್ಲಿ ಸರಸ್ವತಿಯನ್ನೂ ಬಂದೇನವಾಜರನ್ನೂ ಸ್ತುತಿಸಿದ. ಆದರೆ ಅರಮನೆಯ ಈ ಉದಾರತೆಗಿಂತ ಹಿಟ್ಟಿನ ಕಲ್ಲಿನ ಬಳಿ ನಡೆದ ಕೆಲಸ ಹೆಚ್ಚು ಆಳವಾದದ್ದು. ಚಕ್ಕಿನಾಮಾ ಎಂಬ ಹೆಸರಿನ ದಖನಿ ಹಾಡುಗಳನ್ನು ಹೆಂಗಸರು ಬೀಸುವಾಗ ಹಾಡಲೆಂದೇ ಸೂಫಿಗಳು ಮತ್ತು ಅವರ ಅನುಯಾಯಿಗಳು ರಚಿಸಿದ್ದರು. ಅವುಗಳಲ್ಲಿ ಬೀಸುಕಲ್ಲಿನ ಗೂಟ, ಅಚ್ಚು, ತಿರುಗುವ ಕಲ್ಲು ಇವೆಲ್ಲ ನಂಬಿಕೆಯ ಅಂಗಗಳಿಗೆ ಸಂಕೇತಗಳಾಗುತ್ತವೆ, ಕೈ ತಿರುಗುವ ಲಯಕ್ಕೆ ದೇವರ ನಾಮಸ್ಮರಣೆ ಹೊಂದಿಕೊಳ್ಳುತ್ತದೆ. ನೂಲುವ ರಾಟೆಗೂ ಇಂಥವೇ ಹಾಡುಗಳಿದ್ದವು. ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ವಿಜಯಪುರದ ಸೂಫಿಗಳ ಅಧ್ಯಯನದಲ್ಲಿ, ಮಠ ಮಸೀದಿಗಳ ಬೋಧನೆ ಮುಟ್ಟದ ಮನೆಗಳೊಳಗೆ ಸೂಫಿ ಭಾವನೆಗಳನ್ನು ಒಯ್ದದ್ದು ಹೆಂಗಸರ ಕೆಲಸದ ಈ ಹಾಡುಗಳೇ ಎಂದು ವಾದಿಸಿದರು. ಕನ್ನಡದ ಬೀಸುವ ಪದಗಳೂ ಅದೇ ಪ್ರದೇಶದ, ಅದೇ ಹೊತ್ತಿನ, ಅಂದರೆ ಕೋಳಿ ಕೂಗುವ ಮುಂಚಿನ ಹಾಡುಗಳೆಂಬುದನ್ನು ಮರೆಯಬಾರದು. ಎರಡು ಭಾಷೆಗಳ ಹೆಂಗಸರು ಒಂದೇ ಓಣಿಯಲ್ಲಿ ಒಂದೇ ಹೊತ್ತಿಗೆ ಬೀಸುತ್ತಿದ್ದಾಗ ಯಾವ ಮಟ್ಟು ಯಾವ ಕಡೆಗೆ ಹೋಯಿತೆಂದು ಹೇಳಲು ದಾಖಲೆ ಸಾಲದು, ಹೋಗಿರಲಾರದೆಂದು ಹೇಳುವುದಂತೂ ಸಾಧ್ಯವಿಲ್ಲ.

ಮಠದ ಶಾಸ್ತ್ರ ಮತ್ತು ದರ್ಗಾದ ನಾಮಸ್ಮರಣೆ ಒಂದಕ್ಕೊಂದು ಎದುರಾದ ಜಾಗ ಇಂದಿನ ಕಲಬುರಗಿ, ಯಾದಗಿರಿ, ಬೀದರ, ರಾಯಚೂರು ಜಿಲ್ಲೆಗಳ ಸೀಮೆ. ಹೈದರಾಬಾದ್ ನಿಜಾಮರ ಆಡಳಿತಕ್ಕೆ ಸೇರಿದ್ದ ಈ ಸೀಮೆಯಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ನಾಲ್ಕೂ ಸಂತೆಯ ಭಾಷೆಗಳಾಗಿದ್ದವು. ಸುರಪುರದ ಬಳಿಯ ತಿಂಥಣಿಯಲ್ಲಿ ನೆಲೆಸಿದ ಮೌನೇಶ್ವರರು ವಿಶ್ವಕರ್ಮ ಕುಲದವರಾದರೂ ಅವರ ಗುಡಿಗೆ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಹುಮನಾಬಾದಿನ ಮಾಣಿಕಪ್ರಭುಗಳು (1817–1865) ಎಲ್ಲ ಮತಗಳೂ ಸತ್ಯವೆಂದು ಒಪ್ಪುವ ಸಕಲಮತ ಸಂಪ್ರದಾಯವನ್ನು ಸ್ಥಾಪಿಸಿ ಮರಾಠಿ, ಕನ್ನಡ, ಹಿಂದೂಸ್ತಾನಿ ಮುಂತಾದ ಭಾಷೆಗಳಲ್ಲಿ ಹಾಡುಗಳನ್ನು ಕಟ್ಟಿದರು. ಐಕ್ಯವನ್ನು ಸಿದ್ಧಾಂತವಾಗಿಯೇ ಮುಂದಿಟ್ಟ ಅಪರೂಪದ ಉದಾಹರಣೆ ಅವರದು. ಇವರೆಲ್ಲರಿಗಿಂತ ಹಾಡಿನ ಮಟ್ಟಿಗೆ ಹೆಚ್ಚಿನವರೆಂದರೆ, ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿ ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೆ ಬಾಳಿದ ಕಡಕೋಳದ ಮಡಿವಾಳಪ್ಪನವರು. ನಿಜಗುಣರ ಶಾಸ್ತ್ರವನ್ನು ಅರಗಿಸಿಕೊಂಡಿದ್ದರೂ ಅವರು ಪಂಡಿತರ ಭಾಷೆಯನ್ನು ಕೈಬಿಟ್ಟು, ಕಲಬುರಗಿ ಸೀಮೆಯ ಒರಟು ಮಾತಿನಲ್ಲಿ, ಡಾಂಭಿಕ ಜಂಗಮರನ್ನೂ ಹೊಟ್ಟೆಪಾಡಿನ ಗುರುಗಳನ್ನೂ ಹೆಸರಿಡದೆ ಬೈಯುತ್ತ ಹಾಡಿದರು. ಖೈನೂರು ಕೃಷ್ಣಪ್ಪ, ತೆಲುಗಬಾಳ ರೇವಪ್ಪ, ಚನ್ನೂರು ಜಲಾಲಸಾಹೇಬ ಮೊದಲಾದ ಶಿಷ್ಯರ ಹೆಸರುಗಳನ್ನು ಕೇಳಿದರೆ ಸಾಕು, ಅವರ ಸುತ್ತ ಸೇರಿದ ಜನ ಎಂಥವರೆಂಬುದು ತಿಳಿಯುತ್ತದೆ. ಜಲಾಲಸಾಹೇಬರು ಮುಸಲ್ಮಾನರಾಗಿಯೇ ಉಳಿದು ಮಡಿವಾಳಪ್ಪನವರ ಶಿಷ್ಯರಾಗಿ ಪದ ಕಟ್ಟಿದರು. ಅದಕ್ಕೆ ಯಾವ ಘೋಷಣೆಯೂ ಬೇಕಾಗಿರಲಿಲ್ಲ.

ದಕ್ಷಿಣದ ಕಡೆಗೂ ಇಂಥ ಹಾಡುಗಾರರಿದ್ದರು. ಬಳೆ ಮಾರುವ ವೃತ್ತಿಯ ಕೈವಾರದ ನಾರಾಯಣಪ್ಪನವರು ತೆಲುಗು ಮತ್ತು ಕನ್ನಡಗಳಲ್ಲಿ ಹಾಡಿ, ಸಂಪ್ರದಾಯ ನಂಬುವಂತೆ 1726ರಿಂದ 1836ರವರೆಗೆ ನೂರಹತ್ತು ವರ್ಷ ಬದುಕಿದರು. ಗಡಿಸೀಮೆಯ ಅವರ ಪದಗಳಿಗೆ ಪ್ರತ್ಯೇಕವಾದ ಅಧ್ಯಯನವೇ ಬೇಕು.

ತತ್ವಪದದ ಇತಿಹಾಸದಲ್ಲಿ ಶಿಶುನಾಳ ಶರೀಫರ ಸ್ಥಾನ ವಿಶಿಷ್ಟವಾದದ್ದು, ಆದರೆ ಜನಪ್ರಿಯ ಕಥನಗಳು ಹೇಳುವ ಕಾರಣಕ್ಕಾಗಿ ಮಾತ್ರವಲ್ಲ. ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲೂಕಿನ ಶಿಶುವಿನಾಳದಲ್ಲಿ 1819ರ ಜುಲೈ 3ರಂದು ಹುಟ್ಟಿ, ಎಪ್ಪತ್ತು ವರ್ಷಗಳ ನಂತರ 1889ರ ಅದೇ ದಿನಾಂಕದಂದು ತೀರಿಕೊಂಡ ಶರೀಫರ ತಂದೆ ಇಮಾಮ ಸಾಹೇಬರು ಹುಲಗೂರಿನ ಹಜರೇಶ ಖಾದ್ರಿ ಎಂಬ ಸೂಫಿ ಸಂತರ ಪರಂಪರೆಗೆ ನಡೆದುಕೊಳ್ಳುತ್ತಿದ್ದವರು; ಖಾದ್ರಿಗಳು ಶಿಷ್ಯರಿಗೆ ಲಿಂಗದೀಕ್ಷೆಯನ್ನೂ ಕೊಡುತ್ತಿದ್ದರೆಂಬ ಐತಿಹ್ಯವಿದೆ. ಹೀಗಾಗಿ ಎರಡು ದಾರಿಗಳು ಕೂಡಿದ ಮನೆಯಲ್ಲಿಯೇ ಶರೀಫರು ಹುಟ್ಟಿದ್ದು, ಕೂಡಿಸುವ ಹೊಸ ಕೆಲಸವೇನೂ ಅವರ ಪಾಲಿಗೆ ಬಂದಿರಲಿಲ್ಲ. ಮುಂಬಯಿ ಪ್ರಾಂತದ ಮುಲ್ಕಿ ಪರೀಕ್ಷೆಯನ್ನು, ಅಂದರೆ ಅಂದಿನ ಪ್ರಾಥಮಿಕ ಶಿಕ್ಷಣದ ಕೊನೆಯ ಪರೀಕ್ಷೆಯನ್ನು, ಮುಗಿಸಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದ ಅವರು, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುಗಳ ಶಿಷ್ಯರಾದರು. ಗುರುಗಳು ಶಿಷ್ಯನಿಗೆ ಜನಿವಾರ ಹಾಕಿದರೆಂದೂ ಊರಿನ ಬ್ರಾಹ್ಮಣರೂ ಮುಸಲ್ಮಾನರೂ ಇಬ್ಬರೂ ಇದನ್ನು ಸಹಿಸಲಿಲ್ಲವೆಂದೂ ಜನ ಹೇಳುತ್ತಾರೆ. ಸಹಿಸಲಿಲ್ಲವೆಂಬ ಭಾಗವನ್ನು ಇಂದಿನ ಭಾಷಣಗಳು ಬೇಗ ದಾಟಿಬಿಡುತ್ತವೆ. ಹತ್ತೊಂಬತ್ತನೆಯ ಶತಮಾನದ ಧಾರವಾಡ ಸೀಮೆ ಸೌಹಾರ್ದದ ಸ್ವರ್ಗವಾಗಿರಲಿಲ್ಲ, ಮತ್ತು ಗುರುಶಿಷ್ಯರು ಒಂದೇ ಎಲೆಯಲ್ಲಿ ಉಂಡರೆ ಅದರ ಬೆಲೆಯನ್ನು ಇಬ್ಬರೂ ತೆರಬೇಕಿತ್ತು.

ಶರೀಫರ ಅಂಕಿತ ಶಿಶುನಾಳಧೀಶ. ಅದು ಊರಿನ ದೈವದ ಹೆಸರು. ಅವರ ಪದಗಳ ವೈಶಿಷ್ಟ್ಯ ಇರುವುದು ವಸ್ತುಗಳ ಆಯ್ಕೆಯಲ್ಲಿ. ಸೋರುವ ಮಾಳಿಗೆ, ಜಾರಿ ಬೀಳುವ ಮುದುಕಿ, ತಂಬೂರಿಯ ತಂತಿ, ಸಂತೆ, ಹೊಲ, ಸಾಲಗಾರ, ಗುಡಿ ಎಲ್ಲವೂ ಅವರಲ್ಲಿ ದೇಹವನ್ನೋ ಮನಸ್ಸನ್ನೋ ಹೇಳುವ ನೆಪಗಳಾಗುತ್ತವೆ. ಹುಬ್ಬಳ್ಳಿಯಲ್ಲಿ ಗಿರಣಿ ಬಂದಾಗ, ಅಂದರೆ ಉಗಿಯಿಂದ ನಡೆಯುವ ಯಂತ್ರದ ಕಾರಖಾನೆ ಬಂದಾಗ, ಅದನ್ನೂ ಅವರು ಬಿಡದೆ ಪದವಾಗಿಸಿ ದೇಹದ ವ್ಯಾಪಾರಕ್ಕೆ ಹೊಂದಿಸಿದರು. ವಿಜಯಪುರದ ಹೆಂಗಸರ ಬೀಸುಕಲ್ಲಿನಿಂದ ಹುಬ್ಬಳ್ಳಿಯ ಗಿರಣಿಯವರೆಗೆ ನಡೆದ ಈ ಪ್ರಯಾಣದಲ್ಲಿ ಯಂತ್ರ ಬದಲಾಯಿತು, ಹೊರಗೆ ತಿರುಗುವ ವಸ್ತುವಿನೊಳಗೆ ತಿರುಗದೆ ನಿಂತ ಅಚ್ಚನ್ನು ಹುಡುಕುವ ವಿಧಾನ ಬದಲಾಗಲಿಲ್ಲ. ಒಂದನ್ನೊಂದು ನುಂಗುವ ಪ್ರಾಣಿಗಳೂ ಪಾತ್ರೆಪದಾರ್ಥಗಳೂ ಬರುವ ಅವರ ಬೆಡಗಿನ ಪದಗಳು, ಎಂದರೆ ತೋರಿಕೆಗೆ ಅಸಂಬದ್ಧವಾಗಿದ್ದು ಗುರುಮುಖದಿಂದ ಮಾತ್ರ ಅರ್ಥ ಬಿಚ್ಚುವ ರಚನೆಗಳು, ಹನ್ನೆರಡನೆಯ ಶತಮಾನದ ಅಲ್ಲಮಪ್ರಭುವಿನ ಬೆಡಗಿನ ವಚನಗಳ ನೇರ ಸಂತಾನ. ಈ ಪದಗಳನ್ನು ನಗುತ್ತ ಹಾಡಿ ಮುಗಿಸುವವರು ಬಹಳ. ಸಾಧನೆಯ ಹಂತಗಳೆಂದು ಬಿಡಿಸಿ ಹೇಳಬಲ್ಲವರು ಭಜನೆಯ ಮೇಳಗಳಲ್ಲಿಯೂ ಈಗ ವಿರಳ.

ಶರೀಫರು ಮೊಹರಂ ಹಬ್ಬದ ಪದಗಳನ್ನೂ ರಚಿಸಿದ್ದರೆಂಬುದು ಮುಖ್ಯ ವಿಷಯ. ಕರ್ಬಲಾದಲ್ಲಿ ಇಮಾಂ ಹುಸೇನರು ಮಡಿದ ಕಥೆಯನ್ನು ಹೇಳುವ ಈ ಹಾಡುಗಳಿಗೆ ಉತ್ತರ ಕರ್ನಾಟಕದಲ್ಲಿ ರಿವಾಯತ ಎಂದು ಹೆಸರು. ಅಲಾಯಿ ಕುಣಿಯ ಸುತ್ತ, ಅಂದರೆ ಹಬ್ಬಕ್ಕೆಂದು ತೋಡಿ ಬೆಂಕಿ ಹಾಕಿದ ಗುಂಡಿಯ ಸುತ್ತ, ಹೆಜ್ಜೆ ಹಾಕುತ್ತ ಹಾಡುವ ಮೇಳಗಳಲ್ಲಿ ಕುರುಬರು, ಲಿಂಗಾಯತರು, ಬೇಡರು, ದಲಿತರು ಮುಸಲ್ಮಾನರಷ್ಟೇ ಸಂಖ್ಯೆಯಲ್ಲಿ, ಕೆಲವು ಹಳ್ಳಿಗಳಲ್ಲಿ ಅವರಿಗಿಂತಲೂ ಹೆಚ್ಚಾಗಿ, ಕಾಣಿಸಿಕೊಳ್ಳುತ್ತಾರೆ. ಮುಸಲ್ಮಾನರ ಮನೆಯೇ ಇಲ್ಲದ ಊರುಗಳಲ್ಲಿಯೂ ಪಂಜಾಗಳು, ಎಂದರೆ ಲೋಹದ ಹಸ್ತಚಿಹ್ನೆಗಳು, ಏಳುತ್ತವೆ. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಂ ಇದರಲ್ಲಿ ಪ್ರಸಿದ್ಧ. ಶೋಕದ ಹಬ್ಬವು ಇಲ್ಲಿ ಹರಕೆಯ, ಕುಣಿತದ, ಸವಾಲು ಜವಾಬಿನ ಹಬ್ಬವಾದುದನ್ನು ಶುದ್ಧಾಚಾರದ ಪ್ರತಿಪಾದಕರು ಎರಡೂ ಕಡೆಯಿಂದ ಆಕ್ಷೇಪಿಸುತ್ತ ಬಂದಿದ್ದಾರೆ. ರಹಮತ್ ತರೀಕೆರೆ ಅವರ ಕರ್ನಾಟಕದ ಸೂಫಿಗಳು ಮತ್ತು ಮೊಹರಂ ಕುರಿತ ಅಧ್ಯಯನಗಳು ಈ ಲೋಕವನ್ನು ಕನ್ನಡದ ವಿದ್ವತ್ತಿನ ಕಣ್ಣಿಗೆ ತಂದವು.

ಈ ಹಾಡುಗಳು ಉಳಿದು ಬಂದ ಬಗೆಯನ್ನು ತಿಳಿಯಲು ಭಜನೆಯ ರಾತ್ರಿಯ ಕ್ರಮವನ್ನು ಗಮನಿಸಬೇಕು. ಸೋಮವಾರ, ಅಮಾವಾಸ್ಯೆ, ಗುರುವಿನ ಪುಣ್ಯತಿಥಿ ಅಥವಾ ಊರಿನಲ್ಲಿ ಸಾವಾದ ಮನೆಯ ಮುಂದೆ ಮೇಳ ಕೂಡುತ್ತದೆ. ಸೋರೆಬುರುಡೆಗೆ ಬಿದಿರಿನ ಕೋಲು ಸೇರಿಸಿ ಒಂದೇ ತಂತಿ ಬಿಗಿದ ಏಕತಾರಿ, ದಮ್ಮಡಿ, ತಾಳ, ಕಟ್ಟಿಗೆಯ ಚಿಟಿಕೆಗಳು ಹಳೆಯ ವಾದ್ಯಗಳು. ಹಾರ್ಮೋನಿಯಂ ಮತ್ತು ತಬಲಾ ನಾಟಕದ ಕಂಪನಿಗಳ ಪ್ರಭಾವದಿಂದ ಅನಂತರ ಸೇರಿಕೊಂಡವು. ಗಣಸ್ತುತಿ, ಗುರುಸ್ತುತಿಗಳಿಂದ ಆರಂಭವಾಗುವ ಹಾಡು ನಡುರಾತ್ರಿಯ ಹೊತ್ತಿಗೆ ಗಹನವಾದ ಪದಗಳಿಗೆ ಏರಿ ಬೆಳಗಿನ ಜಾವ ಮಂಗಳಾರತಿಯಲ್ಲಿ ನಿಲ್ಲುತ್ತದೆ. ಮುಂದಿನವನು ಒಂದು ಸಾಲು ಎತ್ತಿದರೆ ಹಿಮ್ಮೇಳ ಅದನ್ನೇ ತಿರುಗಿ ಹೇಳುವುದರಿಂದ, ಓದು ಬಾರದವನೂ ಕೆಲವು ರಾತ್ರಿಗಳಲ್ಲಿ ಪದವನ್ನು ಬಾಯಿಗೆ ತಂದುಕೊಳ್ಳಬಲ್ಲ. ಎರಡು ಮೇಳಗಳು ಎದುರು ಬದುರು ಕೂತರೆ ಒಬ್ಬರು ಕೇಳಿದ ಒಗಟಿಗೆ ಇನ್ನೊಬ್ಬರು ಪದದಲ್ಲಿಯೇ ಉತ್ತರಿಸಬೇಕು, ಉತ್ತರಿಸಲಾರದವರು ಸೋತಂತೆ. ಸೋಲಬಾರದೆಂದರೆ ಪದಗಳ ಭಂಡಾರ ದೊಡ್ಡದಿರಬೇಕು. ಆದ್ದರಿಂದ ಲಿಂಗಾಯತ ಹಾಡುಗಾರನು ಜಲಾಲಸಾಹೇಬರನ್ನೂ ಮುಸಲ್ಮಾನ ಹಾಡುಗಾರನು ನಿಜಗುಣರನ್ನೂ ದಾಸರ ಪದಗಳನ್ನೂ ಕಲಿಯುತ್ತಿದ್ದ. ಐಕ್ಯದ ವಿಷಯದಲ್ಲಿ ಉಪದೇಶಕ್ಕಿಂತ ಈ ಪೈಪೋಟಿ ಮಾಡಿದ ಕೆಲಸವೇ ಹೆಚ್ಚಿರಬೇಕು. ಹೆಂಗಸರು ಮಾತ್ರ ಇಂಥ ರಾತ್ರಿಗಳಲ್ಲಿ ಬಹುಕಾಲ ಕೇಳುಗರಾಗಿಯೇ ಉಳಿದರು, ಮತ್ತು ಪರಂಪರೆಯ ದೊಡ್ಡ ಕೊರತೆ ಇದು.

ಆಧುನಿಕ ಸಾಹಿತ್ಯಚರಿತ್ರೆ ಈ ಪದಗಳನ್ನು ಬಹುಕಾಲ ಬದಿಗೆ ಸರಿಸಿತು. ವಚನಗಳಿಗೂ ದಾಸರ ಕೀರ್ತನೆಗಳಿಗೂ ಸಂಪಾದಕರು, ಸಂಸ್ಥೆಗಳು, ಪಠ್ಯಪುಸ್ತಕಗಳು ದೊರೆತ ಕಾಲದಲ್ಲಿ ತತ್ವಪದಗಳು ಹಾಡುಗಾರರ ಕೈಬರಹದ ವಹಿಗಳಲ್ಲಿಯೂ ಜಾತ್ರೆಯಲ್ಲಿ ಮಾರುವ ತೆಳ್ಳನೆಯ ಪುಸ್ತಿಕೆಗಳಲ್ಲಿಯೂ ಉಳಿದವು. ಅವು ಶಿಷ್ಟ ಸಾಹಿತ್ಯದವರಿಗೆ ಜಾನಪದವಾಗಿ, ಜಾನಪದದವರಿಗೆ ಅಂಕಿತವಿರುವ ಶಿಷ್ಟ ರಚನೆಯಾಗಿ ಕಂಡದ್ದು ಒಂದು ಕಾರಣ. ಚಿಲುಮೆ ಸೇದುವ ಸಾಧುಗಳ ಸಹವಾಸದ ಹಾಡುಗಳೆಂಬ ಮರ್ಯಾದಸ್ಥರ ಹಿಂಜರಿಕೆ ಬಹುಶಃ ಇನ್ನೊಂದು. ಬದಲಾವಣೆ ಬಂದದ್ದು ವಿದ್ವತ್ತಿನಿಂದಲ್ಲ, ಕ್ಯಾಸೆಟ್ಟಿನಿಂದ. ಸಿ. ಅಶ್ವಥ್ ಅವರು ಸುಗಮ ಸಂಗೀತದಲ್ಲಿ, ಎಂದರೆ ಕವಿತೆಗೆ ಹೊಸದಾಗಿ ರಾಗ ಕೂಡಿಸಿ ವಾದ್ಯವೃಂದದೊಡನೆ ಹಾಡುವ ನಗರದ ಪ್ರಕಾರದಲ್ಲಿ, ಶರೀಫರ ಪದಗಳನ್ನು ಹಾಡಿ ಮನೆಮನೆಗೆ ಮುಟ್ಟಿಸಿದರು. ಆ ಪದಗಳನ್ನು ಆರಿಸಿಕೊಟ್ಟ ಕವಿ ಎನ್. ಎಸ್. ಲಕ್ಷ್ಮೀನಾರಾಯಣ ಭಟ್ಟರಿಗೆ ಶರೀಫ ಭಟ್ಟರೆಂಬ ಹೆಸರೇ ಬಿತ್ತು. 1990ರಲ್ಲಿ ಟಿ. ಎಸ್. ನಾಗಾಭರಣ ನಿರ್ದೇಶಿಸಿದ ಸಂತ ಶಿಶುನಾಳ ಶರೀಫ ಚಲನಚಿತ್ರದಲ್ಲಿ ಶ್ರೀಧರ್ ಶರೀಫರಾಗಿಯೂ ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿಯೂ ಕಾಣಿಸಿಕೊಂಡರು, ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯಕ್ಕೆಂದು ಮೀಸಲಾದ ನರ್ಗಿಸ್ ದತ್ ಪ್ರಶಸ್ತಿ ಬಂತು. ಅಯೋಧ್ಯೆಯ ವಿವಾದದಿಂದ ದೇಶ ಕುದಿಯುತ್ತಿದ್ದ ಆ ವರ್ಷಗಳಲ್ಲಿ ಶರೀಫರು ಸೌಹಾರ್ದದ ಪ್ರತೀಕವಾದದ್ದು ಸಹಜವೂ ಅಗತ್ಯವೂ ಆಗಿತ್ತು. ಆದರೆ ಪ್ರತೀಕವಾದಾಗ ಕೆಲವು ಪದಗಳು ಮುನ್ನೆಲೆಗೆ ಬಂದು ಉಳಿದವು ಹಿಂದೆ ಸರಿದವು. ಉಸಿರನ್ನು ನಿಲ್ಲಿಸುವ, ಆರು ಚಕ್ರಗಳನ್ನು ಏರುವ, ಸಾವಿಗೆ ಸಿದ್ಧನಾಗುವ ಪದಗಳಿಗೆ ವೇದಿಕೆಯಲ್ಲಿ ಕೇಳುಗರಿಲ್ಲ. ಸಾಧನೆಯನ್ನು ಕಳೆದು ಐಕ್ಯವನ್ನು ಮಾತ್ರ ಉಳಿಸಿಕೊಳ್ಳಬಹುದೆಂಬ ಈ ಲೆಕ್ಕವನ್ನು ಕಡಕೋಳದ ಮಡಿವಾಳಪ್ಪನವರು ಕೇಳಿದ್ದರೆ ಅದರ ಮೇಲೂ ಬೈಗುಳದ ಪದವೊಂದನ್ನು ಕಟ್ಟುತ್ತಿದ್ದರೇನೋ.

ಈಚಿನ ದಶಕಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಕೇಂದ್ರವು ಎಸ್. ನಟರಾಜ ಬೂದಾಳು ಅವರ ನೇತೃತ್ವದಲ್ಲಿ ನಾಡಿನ ಎಲ್ಲ ಸೀಮೆಗಳ ತತ್ವಪದಗಳನ್ನು ಸಂಗ್ರಹಿಸಿ ಸಂಪುಟಗಳಾಗಿ ಪ್ರಕಟಿಸುವ ಕೆಲಸ ಕೈಗೊಂಡುದರಿಂದ, ಊರೂರಿನ ವಹಿಗಳಲ್ಲಿ ಚದುರಿದ್ದ ಅನೇಕ ಹಾಡುಗಾರರ ರಚನೆಗಳು ಮೊದಲ ಬಾರಿಗೆ ಒಂದೆಡೆ ಓದಲು ಸಿಕ್ಕಿವೆ. ಶರೀಫರೊಬ್ಬರನ್ನೇ ಕಂಡಿದ್ದ ಓದುಗರಿಗೆ ಅವರ ಹಿಂದೆ ಮುಂದೆ ಇರುವ ಸಾಲು ಈಗ ಕಾಣುತ್ತಿದೆ. ಅಚ್ಚಾದ ಪದಕ್ಕೆ ಅದರ ಮಟ್ಟು ಮಾತ್ರ ಅಂಟಿಕೊಂಡು ಬರುವುದಿಲ್ಲ. ಹಳೆಯ ವಹಿಗಳಲ್ಲಿ ಪದದ ತಲೆಯ ಮೇಲೆ ಧಾಟಿ ಎಂದು ಬರೆದು, ಯಾವ ಹಾಡಿನ ಮಟ್ಟಿನಲ್ಲಿ ಅದನ್ನು ಹಾಡಬೇಕೆಂದು ಆ ಹಾಡಿನ ಆರಂಭದ ಮಾತುಗಳನ್ನು ಸೂಚಿಸುವ ಪದ್ಧತಿಯಿತ್ತು. ಸೂಚಿಸಿದ ಆ ಹಾಡೇ ಮರೆತುಹೋಗಿದ್ದರೆ ಸೂಚನೆ ಕುರುಡಾಗುತ್ತದೆ. ಶರೀಫರ ಪ್ರಸಿದ್ಧ ಪದಗಳ ಮಟ್ಟಿಗೆ ಅಶ್ವಥ್ ಅವರ ಸಂಯೋಜನೆಯೇ ಮೂಲವೆಂದು ನಂಬುವವರು ಹಳ್ಳಿಯ ಮೇಳಗಳಲ್ಲಿಯೂ ಇದ್ದಾರೆ. ಉಳಿದ ಕವಿಗಳ ಪದಗಳಿಗೆ ಧಾಟಿ ಬಲ್ಲ ಮುದುಕರನ್ನು ಹುಡುಕಿ ಧ್ವನಿಮುದ್ರಿಸಿಕೊಳ್ಳುವ ಕೆಲಸ ಪಠ್ಯ ಸಂಪಾದನೆಯಷ್ಟು ವ್ಯವಸ್ಥಿತವಾಗಿ ನಡೆದಿಲ್ಲ.